ಕ್ಯಾಸಲ್‌ನಾಕಿನ ಮ್ಯಾಂಗೋಸ್ಟೀನ್

ಮಾರ್ಚ್ 14, 2020, ಶನಿವಾರ

ಈ ಡೈರಿ ಗಿಡಗಳಿಗೆ ಮಾತ್ರ. ಹೊಸ ಚಿಗುರು, ರೋಗ, ಗೊಬ್ಬರ, ಗಾಜಿನಮನೆಯ ಒಳಗಿನ ಶಾಖ. ಬೇರೆ ಏನನ್ನೂ ಬರೆಯಬಾರದೆಂದು ನಿರ್ಧರಿಸಿದ್ದೇನೆ.

ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದ್ದಾರೆ. ಸದ್ಯಕ್ಕೆ ಎರಡು ವಾರ ಅಂತೆ. ಊರಿನ ಇನ್ನೊಂದು ತುದಿಯ ಸ್ಯಾಂಡಿಫರ್ಡಿಗೆ ಆಫೀಸಿಗೆಂದು ಹೋಗಿಬರುವ ಹೊತ್ತೆಲ್ಲ ಇನ್ನು ನನ್ನದು. ಊರೆಲ್ಲ ಹೆದರಿ ಕೂತಿರುವಾಗ ಹೀಗೆ ಬರೆಯಬಾರದೇನೋ, ಆದರೆ ಒಳಗೊಳಗೇ ಖುಷಿಯಾಗುತ್ತಿದೆ. ವಾರದ ದಿನದಲ್ಲಿ, ಹಗಲು ಬೆಳಕಿನಲ್ಲಿ, ಗಿಡಗಳ ನಡುವೆ ಇರುವ ಭಾಗ್ಯ ಇಷ್ಟು ವರ್ಷ ಸಿಕ್ಕಿರಲಿಲ್ಲ.

ಮ್ಯಾಂಗೋಸ್ಟೀನ್ ಜೋಡಿ ಎಲೆ ಬಿಟ್ಟಿದೆ. ತಾಮ್ರದ ಬಣ್ಣ, ಮುಟ್ಟಿದರೆ ಮೇಣದ ಹಾಗೆ. ಹನ್ನೆರಡು ವರ್ಷದ ಹಿಂದೆ ಸುಬ್ರಾಯರು ಇದರ ಸಸಿಯನ್ನು ಮೊಸರಿನ ಡಬ್ಬಿಯಲ್ಲಿಟ್ಟು ಕೊಟ್ಟಾಗ ಬೆರಳುದ್ದ ಇತ್ತು. ಕುಮಟಾದವರು, ಹಡಗಿನ ಎಂಜಿನಿಯರಾಗಿ ನಿವೃತ್ತರಾಗಿ ಕಡಲ ದಂಡೆಯ ಡನ್ ಲಿಯರಿಯಲ್ಲಿ ಒಬ್ಬರೇ ಇದ್ದಾರೆ. "ಈ ಚಳಿಯಲ್ಲಿ ಇದು ಬದುಕೂದು ಕಷ್ಟ, ಆದ್ರೂ ನೋಡು" ಎಂದಿದ್ದರು. ಈಗ ನನ್ನ ಭುಜದ ಎತ್ತರ ಬಂದಿದೆ. ಇದರ ಪಕ್ಕದಲ್ಲಿ ರಂಬುಟಾನ್, ಮುಳ್ಳುರಾಮಫಲ, ಗೋಡೆಯ ಕಡೆ ಕಾಂಡಕ್ಕೇ ಹಣ್ಣು ಬಿಡುವ ಜಬೋಟಿಕಾಬಾ. ಹೊರಗೆ ಹಿಮಗಾಳಿ ಬೀಸುವಾಗ ಇಲ್ಲಿ ನಾನು ಬನಿಯನ್ನಿನಲ್ಲಿ ಇರುತ್ತೇನೆ.

ಸಂಜೆ ನನ್ನ ಹೆಂಡತಿ ಜೂಲಿ ಡ್ಯೂಟಿ ಮುಗಿಸಿ ಬಂದಳು. ಅವಳು ವೃದ್ಧರ ಆರೈಕೆಯ ಹೋಮ್ ಒಂದರಲ್ಲಿ ನರ್ಸು. ಗಾಜಿನಮನೆಯ ಬಾಗಿಲಲ್ಲೇ ನಿಂತು, "ಮಕ್ಕಳು ಮೊಮ್ಮಕ್ಕಳು ಯಾರನ್ನೂ ಒಳಗೆ ಬಿಡೂದಿಲ್ಲ ಈಗ. ಕಿಟಕಿಯ ಹೊರಗೆ ನಿಂತು ಕೈ ಬೀಸ್ತಾರೆ ಮಾರಾಯ" ಅಂದಳು. ನಾನು ಚಿಗುರು ತೋರಿಸಿದೆ. "ಚಂದ ಉಂಟು" ಅಂದು ಒಳಗೆ ಹೋದಳು. ಬಾಗಿಲು ಸರಿಯಾಗಿ ಹಾಕಿರಲಿಲ್ಲ.

ಮಾರ್ಚ್ 29, ಭಾನುವಾರ

ಮನೆಯಿಂದ ಎರಡು ಕಿಲೋಮೀಟರ್ ದಾಟುವಂತಿಲ್ಲ. ಫೀನಿಕ್ಸ್ ಪಾರ್ಕ್ ಅಷ್ಟರೊಳಗೇ ಇರುವುದು ನಮ್ಮ ಪುಣ್ಯ. ಸುಬ್ರಾಯರಂತೂ ವಯಸ್ಸಾದವರೆಂದು ಮನೆಯಿಂದ ಹೊರಗೇ ಬರುವಂತಿಲ್ಲ. ದಿನಾ ಫೋನ್ ಮಾಡಿ ಮ್ಯಾಂಗೋಸ್ಟೀನನ್ನು ವಿಚಾರಿಸುತ್ತಾರೆ.

ಜೂಲಿ ಚಿಕ್ಕ ರೂಮಿಗೆ ಹೋಗಿದ್ದಾಳೆ. ಊಟವೂ ಬೇರೆ. ಡ್ಯೂಟಿಯಿಂದ ಬಂದವಳು ಪಕ್ಕದ ಓಣಿಯಿಂದ ಹಿತ್ತಿಲಿಗೆ ಬಂದು, ಶೆಡ್ಡಿನಲ್ಲಿ ಬಟ್ಟೆ ಬದಲಾಯಿಸಿ, ಗಾಜಿನಮನೆಯಲ್ಲಿ ಒಂದಿಷ್ಟು ಹೊತ್ತು ಕೂತು ಆಮೇಲೆ ಒಳಗೆ ಬರುತ್ತಾಳೆ. ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ ಅಂತೆ. ರಂಬುಟಾನಿನ ಪಕ್ಕ ಒಂದು ಸ್ಟೂಲ್ ಹಾಕಿದ್ದೇನೆ. ಅವಳ ಕೈಯ ಸ್ಯಾನಿಟೈಸರ್ ಎಲೆಗೆ ತಾಗದಿದ್ದರೆ ಸಾಕು.

ಗುರುವಾರ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನರ್ಸು, ಡಾಕ್ಟರುಗಳಿಗಾಗಿ ಚಪ್ಪಾಳೆ ತಟ್ಟಿದರು. ಮಗಳು ಮೆಲಿಶಾ ತಟ್ಟುತ್ತ ಅತ್ತುಬಿಟ್ಟಳು. ನಾನು ತೆಂಗಿನ ನಾರಿನ ಪುಡಿಯನ್ನು ಜರಡಿ ಹಿಡಿಯುತ್ತಿದ್ದವನು ಸದ್ದು ಕೇಳಿ ಹೊರಗೆ ಬರುವಷ್ಟರಲ್ಲಿ ಮುಗಿದಿತ್ತು. ಜೂಲಿ ಇನ್ನೂ ಡ್ಯೂಟಿಯಲ್ಲೇ ಇದ್ದಳು.

ಏಪ್ರಿಲ್ 11, ಶನಿವಾರ

ರಂಬುಟಾನಿನ ಎಲೆಯ ತುದಿ ಸುಟ್ಟ ಹಾಗಾಗಿದೆ. ನಲ್ಲಿ ನೀರಿನ ಸುಣ್ಣ ಕಾರಣವಿರಬೇಕು. ಮಳೆನೀರು ಹಿಡಿದಿಟ್ಟು ಅದನ್ನೇ ಹಾಕಬೇಕು. ತೇವಾಂಶ ಕಡಿಮೆಯಾದರೂ ಹೀಗಾಗುತ್ತದೆ ಎಂದು ಸುಬ್ರಾಯರ ಅಭಿಪ್ರಾಯ. ಎರಡನ್ನೂ ಸರಿಮಾಡಿ ನೋಡುವುದು.

ನಾಳೆ ಈಸ್ಟರ್. ಚರ್ಚು ಮುಚ್ಚಿದೆ. ಜೂಲಿ ತಡವಾಗಿ ಬಂದು ಸ್ಟೂಲಿನ ಮೇಲೆ ಕೂತಳು. ಮಾಸ್ಕಿನ ಅಂಚು ಒತ್ತಿ ಮೂಗಿನ ಮೇಲೆ ಗಾಯವಾಗಿದೆ.

"ಮಿಸೆಸ್ ಟೂಮಿ ಹೋದ್ರು" ಅಂದಳು.

"ಯಾರವರು?"

"ಎಷ್ಟು ಸಲ ಹೇಳಿದ್ದೇನೆ ಜೆರಿ. ನಾನು ಬಾಗಿಲು ತೆಗೆದ ಕೂಡಲೇ ಕೊಂಕಣಿಯಲ್ಲಿ ಒಂದು ಹಾಡು ಹೇಳು ಅಂತಿದ್ರಲ್ಲ, ಅವರು."

"ಹೋಗೋವಾಗ ನೀನಿದ್ದೆಯಾ ಹತ್ರ?"

"ಇದ್ದೆ" ಅಂದು ನೀರು ಕುಡಿದಳು. ಈ ವಾರ ಅವರ ಹೋಮಿನಲ್ಲಿ ಹೋದವರು ಇವರೊಬ್ಬರೇ ಅಲ್ಲ. ಬೇರೇನಾದರೂ ಕೇಳಬೇಕಿತ್ತೇನೋ. ಎಲೆಯ ತುದಿ ತೋರಿಸಿ ಇದಕ್ಕೇನು ಮಾಡೋಣ ಅಂದೆ. ಅವಳು ಬಹಳ ಹೊತ್ತು ಆ ಎಲೆಯನ್ನೇ ನೋಡಿದಳು.

ಏಪ್ರಿಲ್ 13

ಮಳೆನೀರಿಗೆ ಪೀಪಾಯಿ ಇಟ್ಟೆ. ಮಳೆ ಇಲ್ಲ.

ಏಪ್ರಿಲ್ 26, ಭಾನುವಾರ

ಮೊನ್ನೆ ಶುಕ್ರವಾರ ಜೂಲಿ ಗಾಜಿನಮನೆಯ ಬಾಗಿಲು ತೆರೆದಿಟ್ಟೇ ಮನೆಯೊಳಗೆ ಹೋಗಿದ್ದಾಳೆ. ನಾನು ಮೀಟಿಂಗಿನಲ್ಲಿದ್ದೆ. ಮಧ್ಯಾಹ್ನವೆಲ್ಲ ಬಡಗಣ ಗಾಳಿ ನುಗ್ಗಿದೆ. ರಂಬುಟಾನಿನ ಎಲೆಗಳೆಲ್ಲ ಜೋತುಬಿದ್ದಿವೆ.

ಕೂಗಾಡಿದೆ. "ಒಂದು ಬಾಗಿಲು ಹಾಕೋಕೆ ಆಗಲ್ವಾ? ಐದು ವರ್ಷದ ಗಿಡ ಅದು!"

ಜೂಲಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಮಹಡಿ ಹತ್ತಿದಳು. ಮೆಲಿಶಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾದರೂ ಉತ್ತರ ಮಾತ್ರ ಇಲ್ಲಿನವರ ಇಂಗ್ಲಿಷಿನಲ್ಲೇ. "ಇಟ್ಸ್ ಎ ಪ್ಲಾಂಟ್, ಡ್ಯಾಡ್" ಅಂದಳು. ಅವಳಿಗೇನು ಗೊತ್ತು.

ಮೇ 9, ಶನಿವಾರ

ರಂಬುಟಾನ್ ಹೋಯಿತು. ಬುಡದಿಂದ ಚಿಗುರಬಹುದೆಂದು ಕಾದೆ, ಇಲ್ಲ. ಆ ಮೂಲೆಯಲ್ಲಿ ಅದಕ್ಕೆ ಹೇಗೂ ಬೆಳಕು ಸಾಲುತ್ತಿರಲಿಲ್ಲ. ಕುಂಡ ತೆಗೆದ ಜಾಗ ಖಾಲಿ ಇತ್ತು, ಊಟದ ಮೇಜಿನ ಒಂದು ಕುರ್ಚಿ ತಂದು ಹಾಕಿದೆ. ಸ್ಟೂಲಿನ ಮೇಲೆ ಕೂತರೆ ಜೂಲಿಗೆ ಸೊಂಟ ಹಿಡಿಯುತ್ತದೆ.

ಮೆಲಿಶಾಳ ಶಾಲೆಯ ಕೊನೆ ವರ್ಷದ ಪರೀಕ್ಷೆ ರದ್ದಾಗಿದೆ. ಓದಿದ್ದೆಲ್ಲ ವ್ಯರ್ಥ ಎಂದು ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ.

ಜುಲೈ 19, ಭಾನುವಾರ

ಮೊಗ್ಗು!

ಮೊದಲು ಹೊಸ ಎಲೆಯ ಮೊಳಕೆ ಅಂದುಕೊಂಡೆ. ಕೊಂಬೆಯ ತುದಿಯಲ್ಲಿ ಎರಡು ಗುಂಡನೆಯ ಮೊಗ್ಗು. ಇಲ್ಲಿನ ಚಳಿಯಲ್ಲಿ, ಕುಂಡದಲ್ಲಿ, ನನ್ನ ಕೈಯಲ್ಲಿ! ಫೋನಿನಲ್ಲಿ ಹೇಳಿದರೆ ಸುಬ್ರಾಯರು ನಂಬಲಿಲ್ಲ. ಈಗ ತಿರುಗಾಡಬಹುದಲ್ಲ, ಮಾಸ್ಕ್ ಹಾಕಿಕೊಂಡು ಟ್ಯಾಕ್ಸಿಯಲ್ಲೇ ಬಂದರು. ಮೊಗ್ಗನ್ನು ಮುಟ್ಟಲೂ ಹೆದರಿ ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು. "ಇದು ಹಣ್ಣಾದ್ರೆ ನಂಗೊಂದು ತೊಳೆ ಕೊಡ್ಬೇಕು, ಹಾಂ?" ಅಂದರು. "ಒಂದು ತೊಳೆ ಅಲ್ಲ ಸುಬ್ರಾಯರೇ, ಮೊದಲನೇ ಹಣ್ಣೇ ನಿಮ್ಮದು" ಅಂದೆ.

ಜೂಲಿ ಕುರ್ಚಿಯಲ್ಲಿದ್ದಳು. "ಹುಷಾರನೇ ತಂಗಿ?" ಎಂದು ಅವರು ಕೇಳಿದರು.

"ಗ್ರ್ಯಾಂಡ್ ಅಣ್ಣ" ಅಂದಳು. ಚೆನ್ನಾಗಿದ್ದೇನೆ ಅನ್ನುವುದಕ್ಕೆ ಇಲ್ಲಿಯವರ ಮಾತು ಅದು, ಎಲ್ಲದಕ್ಕೂ ಅವಳದು ಅದೊಂದೇ ಉತ್ತರ.

ಅವರು ಹೋದಮೇಲೆ ಮೆಲಿಶಾ ನನ್ನನ್ನು ಪಕ್ಕಕ್ಕೆ ಕರೆದು, "ಷಿ ಈಸ್ ನಾಟ್ ಗ್ರ್ಯಾಂಡ್, ಡ್ಯಾಡ್" ಅಂದಳು. ಏನಾಯಿತು ಅಂದರೆ ಹೇಳುವುದಿಲ್ಲ. ನೀನೇ ನೋಡು ಅನ್ನುತ್ತಾಳೆ.

ಸೆಪ್ಟೆಂಬರ್ 6, ಭಾನುವಾರ

ಎರಡು ಹೂವಿನಲ್ಲಿ ಒಂದು ಉದುರಿತು. ಇನ್ನೊಂದು ಹೀಚು ಕಟ್ಟಿದೆ, ಗೋಲಿ ಗಾತ್ರ. ಚಳಿಗಾಲ ದಾಟಿಸಿದರೆ ಹಣ್ಣು. ಗಾಜಿಗೆ ಒಳಗಿನಿಂದ ಗುಳ್ಳೆ ಪ್ಲಾಸ್ಟಿಕ್ ಹೊದಿಸಬೇಕು, ಎರಡನೆಯ ಹೀಟರನ್ನು ಈಗಲೇ ಪರೀಕ್ಷಿಸಬೇಕು.

ಮೆಲಿಶಾ ಹೇಳಿದ ಮೇಲೆ ಗಮನಿಸುತ್ತಿದ್ದೇನೆ. ಜೂಲಿ ನಿದ್ದೆ ಮಾಡುತ್ತಿಲ್ಲ. ಬೆಳಿಗ್ಗೆ ಹಾಸಿಗೆ ಹಾಸಿದಂತೆಯೇ ಇರುತ್ತದೆ. ರಜೆಯ ದಿನವೂ ಗಾಜಿನಮನೆಯಲ್ಲಿ ಕೂತಿರುತ್ತಾಳೆ. ಇವತ್ತು ಅವಳ ಫೋನ್ ಮತ್ತೆ ಮತ್ತೆ ಹೊಡೆದುಕೊಂಡಿತು. ಎತ್ತಲಿಲ್ಲ.

"ಯಾರದು?"

"ಟೂಮಿಯವರ ಮಗಳು, ಗ್ರಾನ್ಯಾ. ಥ್ಯಾಂಕ್ಸ್ ಹೇಳಲಿಕ್ಕೆ ಮಾಡ್ತಾಳೆ. ಅವಳಮ್ಮನ ಹುಟ್ಟಿದ ದಿನ ಇವತ್ತು."

"ಮಾತಾಡಬಹುದಲ್ಲ? ಪಾಪ."

ಜೂಲಿ ಏನೋ ಹೇಳಿದಳು. ಹೀಟರಿನ ಫ್ಯಾನ್ ಸದ್ದಿನಲ್ಲಿ ಕೇಳಿಸಲಿಲ್ಲ. ಫ್ಯಾನ್ ಆರಿಸಿ ಏನಂದೆ ಅಂದೆ. ಏನಿಲ್ಲ ಅಂದಳು. ಆದರೂ ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆವು. ನಾನು ನೆಲದ ಮೇಲೆ, ಗೊಬ್ಬರದ ಚೀಲಕ್ಕೆ ಒರಗಿ.

ಫ್ಯಾನ್ ಮತ್ತೆ ಹಾಕಲು ಮರೆತಿದ್ದೆ. ಬೆಳಿಗ್ಗೆ ನೋಡಬೇಕು.

ಅಕ್ಟೋಬರ್ 24, ಶನಿವಾರ

ಮತ್ತೆ ಎಲ್ಲ ಬಂದ್. ಈ ಸಲ ಐದು ಕಿಲೋಮೀಟರ್. ಮೆಲಿಶಾ ಕಾಲೇಜು ಸೇರಿದ್ದಾಳೆ, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಜೊತೆಯವರನ್ನು ಇನ್ನೂ ಒಬ್ಬರನ್ನೂ ಕಂಡಿಲ್ಲ.

ಮುಳ್ಳುರಾಮಫಲವನ್ನು ತೆಗೆದುಬಿಟ್ಟೆ. ಬೇರು ಕೊಳೆಯುವ ಲಕ್ಷಣ ಇತ್ತು. ಒಂದೆರಡು ತಿಂಗಳು ನೋಡಬಹುದಿತ್ತು, ಆದರೆ ರೋಗ ಬೇರೆಯದಕ್ಕೆ ಹಬ್ಬಿದರೆ? ಆ ಜಾಗದಲ್ಲಿ ಮಡಚುವ ಮಂಚ ಸರಿಯಾಗಿ ಕೂತಿತು. ಜೂಲಿ ಅಲ್ಲಿ ಮಲಗಿದರೆ ಸ್ವಲ್ಪವಾದರೂ ಕಣ್ಣು ಮುಚ್ಚುತ್ತಾಳೆ. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ಊರಿನ ಹಾಗೆ ಕೇಳಿಸುತ್ತದಂತೆ. "ನಿನ್ನ ಗಿಡಗಳಿಗೆ ತೊಂದರೆ ಅಲ್ವಾ?" ಎಂದು ಕೇಳಿದಳು. ಜಾಗ ಬೇಕಾದಷ್ಟಿದೆ ಅಂದೆ.

ಹೀಚು ನಿಂಬೆಯಷ್ಟಾಗಿದೆ.

ಡಿಸೆಂಬರ್ 26, ಶನಿವಾರ

ಹಬ್ಬ ಆಯಿತು. ಹಬ್ಬದ ತಿಂಡಿ ಕುಸ್ವಾರ್ ಮಾಡಲು ಜೂಲಿಗೆ ಮನಸ್ಸಿರಲಿಲ್ಲ, ಮೆಲಿಶಾ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಕರ್ಜಿಕಾಯಿಯಂಥ ನೆವ್ರಿ ಕರಿಸಿದಳು. ಅರ್ಧ ಒಡೆದುಹೋದವು. ಅದನ್ನೇ ತಿಂದೆವು. ನಗು ಬಂತು, ಬಹಳ ದಿನದ ಮೇಲೆ.

ಹಣ್ಣಿನ ಹಸಿರು ಮೈಯಲ್ಲಿ ನಸುಗೆಂಪು ಚುಕ್ಕಿಗಳು ಮೂಡುತ್ತಿವೆ. ಇನ್ನು ಕೆಲವೇ ವಾರ. ಸುಬ್ರಾಯರು ದಿನಾ ಹೊಸ ಫೋಟೋ ಕೇಳುತ್ತಾರೆ.

ಜನ ಮನೆಯಿಂದ ಮನೆಗೆ ಓಡಾಡುತ್ತಿದ್ದಾರೆ. ಇದರ ಫಲ ಜನವರಿಯಲ್ಲಿ ನಮಗೆ ಬರ್ತದೆ ಅನ್ನುತ್ತಾಳೆ ಜೂಲಿ.

ಜನವರಿ 6, 2021, ಬುಧವಾರ

ಜೂಲಿಗೆ ಪಾಸಿಟಿವ್. ಅವರ ಹೋಮಿಗೆ ಲಸಿಕೆಯವರು ಬರುವುದು ಮುಂದಿನ ವಾರ ಎಂದಿತ್ತು.

ಜ್ವರ, ಕೆಮ್ಮು. ಮನೆಯಿಂದ ಮೂವರೂ ಹೊರಗೆ ಹೋಗುವಂತಿಲ್ಲ. ಸಾಮಾನನ್ನು ಪಕ್ಕದ ಮನೆಯವರು ಗೇಟಿನಲ್ಲಿಟ್ಟು ಹೋಗುತ್ತಾರೆ. ಹೊರಗೆ ಹೆಪ್ಪುಗಟ್ಟಿಸುವ ಚಳಿ, ಕಾರಿನ ಬಾಗಿಲೇ ತೆರೆಯುತ್ತಿಲ್ಲ.

ಜನವರಿ 8, ಶುಕ್ರವಾರ

ಬೆಳಿಗ್ಗೆ ಬಾಯ್ಲರ್ ನಿಂತಿತು. ಮನೆಯ ರೇಡಿಯೇಟರುಗಳೆಲ್ಲ ತಣ್ಣಗಾದವು. ರಿಪೇರಿಯವನಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದೇ, ಮನೆಯಲ್ಲಿ ಯಾರಿಗಾದರೂ ಕೋವಿಡ್ ಇದೆಯೇ ಎಂದು. ಇದೆ ಅಂದೆ. ಹಾಗಾದರೆ ಐಸೊಲೇಶನ್ ಮುಗಿಯಲಿ ಅಂದ. ಅವನಿಗೂ ಮನೆಯಲ್ಲಿ ಚಿಕ್ಕ ಮಗು ಇದೆಯಂತೆ.

ಗಾಜಿನಮನೆಯ ಹೀಟರ್ ಎರಡನ್ನೂ ಮೇಲೆ ಜೂಲಿಯ ರೂಮಿಗೆ ಒಯ್ದಿಟ್ಟೆ. ಆದರೂ ನಡುಗುತ್ತಿದ್ದಾಳೆ. ಇರುವ ಕಂಬಳಿಯೆಲ್ಲ ಹೊದಿಸಿದ್ದೇನೆ. ಬೆರಳಿಗೆ ಹಾಕುವ ಆಕ್ಸಿಜನ್ ಮೀಟರು ಬೆಳಿಗ್ಗೆ ತೊಂಬತ್ತೈದು ತೋರಿಸಿತು, ಮಧ್ಯಾಹ್ನ ತೊಂಬತ್ತನಾಲ್ಕು, ಈಗ ತೊಂಬತ್ತಮೂರು. ತೊಂಬತ್ತೆರಡಕ್ಕೆ ಇಳಿದರೆ ಆಂಬುಲೆನ್ಸ್ ಕರೆಯಬೇಕೆಂದು ಅವಳೇ ಹೇಳಿದ್ದಾಳೆ. ಯಾವ ಬೆರಳಿಗೆ ಹಾಕಬೇಕು, ಕೈ ಮೊದಲು ಉಜ್ಜಿ ಬೆಚ್ಚಗೆ ಮಾಡಬೇಕು ಎಂದೂ ಅವಳೇ ಹೇಳಿಕೊಟ್ಟಳು.

ಸಂಜೆ ಮೆಲಿಶಾ ಅಡುಗೆಮನೆಗೆ ಬಂದು, "ಡ್ಯಾಡ್, ಯುವರ್ ಟ್ರೀಸ್" ಅಂದಳು. ಗಾಜಿನ ಒಳಮೈಗೂ ಇಬ್ಬನಿ ಹೆಪ್ಪುಗಟ್ಟಿದೆಯಂತೆ. ಗಂಜಿ ಕಾಯಿಸುತ್ತಿದ್ದೆ. ಉಪ್ಪು ಹಾಕಿದ್ದೆನೋ ಇಲ್ಲವೋ ಮರೆತುಹೋಗಿ ಮೊದಲಿಂದ ರುಚಿ ನೋಡಬೇಕಾಯಿತು.

ಜನವರಿ 9

ತೊಂಬತ್ತಮೂರು. ಮಗ್ಗುಲು ಮಲಗಿಸಿದರೆ ತೊಂಬತ್ತನಾಲ್ಕು. ಗಂಜಿ ಎರಡು ಚಮಚ.

ಜನವರಿ 10

ತೊಂಬತ್ತು. ಆಂಬುಲೆನ್ಸ್ ಬಂತು. ನನ್ನನ್ನು ಹತ್ತಿಸಲಿಲ್ಲ. ಗೇಟಿನ ತನಕ ಮಾತ್ರ. ಕೈಯೆತ್ತಿ ಏನೋ ಸನ್ನೆ ಮಾಡಿದಳು. ಒಳಗೆ ಹೋಗಿ ಚಳಿಯಲ್ಲಿ ನಿಲ್ಲಬೇಡ ಅಂತಲೋ ಏನೋ.

ಜನವರಿ 12

ವಾರ್ಡಿನ ನರ್ಸ್ ಫೋನ್ ಮಾಡಿದ್ದಳು. ಧ್ವನಿ ಕೇರಳದ ಕಡೆಯವಳ ಹಾಗಿತ್ತು. ಆಕ್ಸಿಜನ್ ಹಾಕಿದ್ದಾರೆ, ಐಸಿಯುಗೆ ಸದ್ಯಕ್ಕೆ ಬೇಡ. "ಅವಳ ಹತ್ರ ಯಾರಾದ್ರೂ ಇರ್ತಾರಾ?" ಎಂದು ಕೇಳಿದೆ. ನಾವಿದ್ದೇವಲ್ಲ ಅಂದಳು. ಹಿಂದೆ ಯಾರೋ ಅವಳನ್ನು ಕೂಗುತ್ತಿದ್ದರು.

ಜನವರಿ 16, ಶನಿವಾರ

ಹೀಟರ್ ಇಟ್ಟರೂ ಚಳಿ ಹೋಗದೆ ಮೆಲಿಶಾಳಿಗೆ ಹೊದೆಯಲು ಇನ್ನೊಂದು ಕಂಬಳಿ ಬೇಕಿತ್ತು. ಜೂಲಿಯ ಮಂಚದ ಮೇಲೆ ಒಂದಿತ್ತಲ್ಲ ಎಂದು ನೆನಪಾಗಿ ಗಾಜಿನಮನೆಗೆ ಹೋದೆ.

ಮ್ಯಾಂಗೋಸ್ಟೀನಿನ ಎಲೆಗಳು ಕಪ್ಪಾಗಿ ಒದ್ದೆ ಚರ್ಮದ ಹಾಗೆ ಜೋತುಬಿದ್ದಿವೆ. ಜಬೋಟಿಕಾಬಾದ ಎಲೆಯೆಲ್ಲ ಉದುರಿದೆ. ಹಣ್ಣು ಮಾತ್ರ ಇನ್ನೂ ತೊಟ್ಟಿನಲ್ಲಿತ್ತು. ಕತ್ತರಿಸಿ ನೋಡಿದೆ. ಒಳಗೆ ಬಿಳಿ ಇರಬೇಕಾದ ತೊಳೆಗಳು ಕಂದಾಗಿ ಗಾಜಿನ ಹಾಗೆ ಪಾರದರ್ಶಕವಾಗಿದ್ದವು. ವಾಸನೆ ಇರಲಿಲ್ಲ. ಗೊಬ್ಬರದ ತೊಟ್ಟಿಗೆ ಹಾಕಿದೆ.

ಕಂಬಳಿಯನ್ನು ಒಣಗಲು ಹರಡಿದ್ದೇನೆ. ಜೂಲಿ ಇವತ್ತು ಎದ್ದು ಕೂತಿದ್ದಳಂತೆ.

ಜನವರಿ 27, ಬುಧವಾರ

ಬಂದಳು. ಮೆಟ್ಟಿಲು ಹತ್ತಲು ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಬಾಯ್ಲರ್ ಸರಿಯಾಗಿದೆ. ಕೂದಲು ಬಾಚಿಕೊಟ್ಟೆ, ಕೈ ಎತ್ತಿದರೆ ಅವಳಿಗೆ ಏದುಸಿರು ಬರುತ್ತದೆ.

ಫೆಬ್ರವರಿ 14, ಭಾನುವಾರ

ಇವತ್ತು ಜೂಲಿ ಮೊದಲ ಸಲ ಹಿತ್ತಿಲಿಗೆ ಇಳಿದಳು. ನಾನು ಪಾತ್ರೆ ತೊಳೆಯುತ್ತಿದ್ದೆ, ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಹೋಗಬೇಡ ಅನ್ನುತ್ತಿದ್ದೆ. ಹುಡುಕಿಕೊಂಡು ಹೋದರೆ ಗಾಜಿನಮನೆಯೊಳಗೆ ಮ್ಯಾಂಗೋಸ್ಟೀನಿನ ಮುಂದೆ ನಿಂತಿದ್ದಾಳೆ.

"ಇದೆಂತದು ಜೆರಿ?"

"ಚಳಿಗೆ ಹೋಯ್ತು."

"ಹೀಟರ್?"

"ನಿನ್ನ ರೂಮಲ್ಲಿತ್ತಲ್ಲ."

ಅವಳು ಕೊಂಬೆಯನ್ನು ಮುಟ್ಟಿದಳು, ಪಟ್ಟನೆ ಮುರಿಯಿತು. ಆಮೇಲೆ ಅಳಲು ಶುರುಮಾಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿಲ್ಲ. ಕಳೆದ ಏಪ್ರಿಲ್ ಪೂರ್ತಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗಿಡಕ್ಕೆ ಯಾಕೆ ಅಳ್ತೀಯ, ಬಿಡು ಅಂದೆ. ಅಳು ಹೆಚ್ಚಾಗಿ ಕೆಮ್ಮು ಬಂತು. ಕುರ್ಚಿಗೆ ಕೂರಿಸಿ ಬೆನ್ನು ಸವರಿದೆ. ಕೆಮ್ಮು ನಿಂತಮೇಲೆ ಅವಳಾಗಿ ಹೇಳತೊಡಗಿದಳು.

"ಟೂಮಿಯವರ ಹತ್ರ ನಾನಿರಲಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಆ ದಿನ ಅರ್ಧಕ್ಕರ್ಧ ಸ್ಟಾಫ್ ಮನೆಯಲ್ಲಿ, ಎಲ್ಲರಿಗೂ ಜ್ವರ. ಆ ಕಾರಿಡಾರಿಗೆ ನಾನೊಬ್ಬಳೇ. ಎರಡು ರೂಮಲ್ಲಿ ಇಬ್ಬರು ಒಟ್ಟಿಗೇ ಹೋಗ್ತಾ ಇದ್ರು. ಒಂದರಲ್ಲಿ ಟೂಮಿ. ಇನ್ನೊಂದರಲ್ಲಿ ಡೆಕ್ಲನ್ ಅಂತ, ಬಸ್ ಓಡಿಸ್ತಿದ್ರಂತೆ ಮೊದಲು. ಅವರಿಗೆ ಯಾರೂ ಇಲ್ಲ ಜೆರಿ. ಫೋನ್ ಮಾಡ್ಲಿಕ್ಕೆ ಒಂದು ನಂಬರ್ ಸಹ ಇಲ್ಲ. ಟೂಮಿಯವರಿಗೆ ಮಗಳಿದ್ದಾಳೆ, ಇವರಿಗೆ ನಾನಾದ್ರೂ ಇರ್ತೇನೆ ಅಂತ ಇವರ ಕೈ ಹಿಡ್ಕೊಂಡು ಕೂತೆ. ಇವರದ್ದು ಬೇಗ ಆಗ್ತದೆ, ಆಮೇಲೆ ಅಲ್ಲಿಗೆ ಓಡ್ತೇನೆ ಅಂತ ಲೆಕ್ಕ ಹಾಕಿದ್ದೆ. ಹೋಗಿ ನೋಡುವಾಗ ಟೂಮಿ ತಣ್ಣಗಾಗಿದ್ರು. ಬಾಗಿಲ ಕಡೆ ಮುಖ ಮಾಡಿದ್ರು."

"ನೀನೇನು ಮಾಡೋಕಾಗ್ತಿತ್ತು?"

"ಅದಲ್ಲ. ಗ್ರಾನ್ಯಾ ಫೋನಲ್ಲಿ ಕೇಳಿದ್ಳು, ಅಮ್ಮನ ಹತ್ರ ಯಾರಾದ್ರೂ ಇದ್ರಾ ಅಂತ. ನಾನಿದ್ದೆ ಅಂದೆ. ಕೈ ಹಿಡ್ಕೊಂಡಿದ್ದೆ ಅಂದೆ. ಹಾಡು ಹೇಳಿದೆ ಅಂತ ಬೇರೆ ಸೇರಿಸಿದೆ. ಅವಳು ಈಗಲೂ ಅದಕ್ಕೇ ಥ್ಯಾಂಕ್ಸ್ ಹೇಳೂದು. ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಬಾಗಿಲನ್ನೇ ನೋಡ್ತಿದ್ದೆ. ಒಬ್ಬಳು ನರ್ಸ್ ಹೋಗ್ತಿದ್ಳು, ಬರ್ತಿದ್ಳು. ನಿಲ್ಲಲಿಕ್ಕೆ ಅವಳಿಗೂ ಪುರುಸೊತ್ತಿಲ್ಲ."

ನೆಲದ ಮೇಲೆ ಅವಳ ಕಾಲ ಹತ್ತಿರ ಕೂತೆ. ಒಳಗೆ ಹೊರಗಿನಷ್ಟೇ ಚಳಿ ಇತ್ತು. ಬಾ, ಒಳಗೆ ಹೋಗೋಣ ಅಂದರೆ ಇನ್ನು ಸ್ವಲ್ಪ ಹೊತ್ತು ಅಂದಳು. ನನ್ನ ಜಾಕೆಟ್ ತೆಗೆದು ಅವಳ ಪಾದಕ್ಕೆ ಸುತ್ತಿದೆ.

ಮಾರ್ಚ್ 7, ಭಾನುವಾರ

ಸುಬ್ರಾಯರು ಹಣ್ಣಿನ ವಿಷಯ ಕೇಳಿದರು. ಇಷ್ಟು ದಿನ ಜೂಲಿಯ ಆರೋಗ್ಯದ ಮಾತಷ್ಟೇ ಆಗುತ್ತಿತ್ತು. ಹೇಳಿದೆ.

ಅವರು ರೇಗಿಬಿಟ್ಟರು. "ಎಂಥ ಮನುಷ್ಯನೋ ನೀನು! ಒಂದು ಫೋನ್ ಮಾಡಿದ್ರೆ ನನ್ನ ಹತ್ರ ಇದ್ದ ಹೀಟರ್ ಟ್ಯಾಕ್ಸಿಯಲ್ಲಿ ಹಾಕಿ ಕಳಿಸ್ತಿದ್ನಲ್ಲ. ಡ್ರೈವರ್ ಗೇಟ್ ಹತ್ರ ಇಟ್ಟು ಹೋಗ್ತಿದ್ದ. ಹನ್ನೆರಡು ವರ್ಷದ ಗಿಡ ಮಾರಾಯಾ!"

ಅವರು ಹೇಳುವುದು ನಿಜ. ಪಕ್ಕದ ಮನೆಯವರೂ ಕೊಡುತ್ತಿದ್ದರು. ಅವರ ಶೆಡ್ಡಿನಲ್ಲಿ ಒಂದಿದೆ. ಕೇಳಬೇಕೆಂದು ನನಗೆ ತೋಚಲೇ ಇಲ್ಲ. "ತೋಚಲಿಲ್ಲ ಸುಬ್ರಾಯರೇ" ಅಂದೆ. ಫೋನ್ ಇಡುವ ಮೊದಲು ಮೆತ್ತಗಾಗಿ, ತಮ್ಮಲ್ಲಿ ಇನ್ನೂ ಎರಡು ಸಸಿಗಳಿವೆ, ಒಂದನ್ನು ತೆಗೆದುಕೊಂಡು ಹೋಗು ಅಂದರು. ಈ ವರ್ಷ ಬೇಡ ಅಂದೆ.

ಒಣಗಿದ ಗಿಡಗಳನ್ನು ಮೆಲಿಶಾ ನಾನು ಸೇರಿ ಹೊರಗೆ ಎಳೆದು ಹಾಕಿದೆವು. ಮ್ಯಾಂಗೋಸ್ಟೀನಿನ ತೊಗಟೆ ಬುಡದ ತನಕ ಕೆರೆದು ನೋಡಿದೆ, ಎಲ್ಲ ಕಂದು. ಕೈತೋಟದ ಕಸದ ಗಾಡಿ ಬುಧವಾರ ಬರುತ್ತದೆ. ಗಾಜಿನಮನೆಯಲ್ಲಿ ಈಗ ಮಂಚ, ಕುರ್ಚಿ, ಮೆಲಿಶಾಳ ಮೇಜು ಅಷ್ಟೇ. ಅವಳು ಕ್ಲಾಸನ್ನು ಅಲ್ಲೇ ಕೇಳುತ್ತಾಳೆ, ಜೂಲಿ ಪಕ್ಕದಲ್ಲಿ ಒರಗಿರುತ್ತಾಳೆ.

ಮಾರ್ಚ್ 30

ಗ್ರಾನ್ಯಾಳಿಗೆ ನಿಜ ಹೇಳಬೇಕು ಅನ್ನುತ್ತಾಳೆ ಜೂಲಿ. ಫೋನಿನಲ್ಲಿ ಅಲ್ಲ, ಎದುರಿಗೆ. ಬೇಡ ಅಂದೆ. ಹೇಳಿ ಯಾರಿಗೇನು ಉಪಯೋಗ ಅಂದೆ. "ಅವಳು ನನ್ನನ್ನು ಪ್ರಾರ್ಥನೆಯಲ್ಲಿ ನೆನೆಸ್ತಾಳಂತೆ ಜೆರಿ. ಅದನ್ನು ನಾನು ಹೇಗೆ ಇಟ್ಕೊಳ್ಳೂದು?" ಅಂದಳು. ಎರಡು ದಿನ ಯೋಚಿಸಿದೆ. ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ.

ಏಪ್ರಿಲ್ 18, ಭಾನುವಾರ

ಈಗ ಕೌಂಟಿಯೊಳಗೆ ಎಲ್ಲಿಗಾದರೂ ಹೋಗಬಹುದು. ಡನ್ ಲಿಯರಿಗೆ ಹೋಗಿದ್ದೆವು.

ಗ್ರಾನ್ಯಾ ಕಡಲೊಳಗೆ ಚಾಚಿದ ಪಿಯರ್ ಕಟ್ಟೆಯ ಬುಡದಲ್ಲಿ ಕಾಯುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಹೂವು ತಂದಿದ್ದಳು. ಮುಟ್ಟುವಂತಿಲ್ಲವೆಂದು ಅದನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ನಾನು ದೂರ ಹೋಗುತ್ತೇನೆ ಅಂದರೆ ಜೂಲಿ ನನ್ನ ತೋಳು ಬಿಡಲಿಲ್ಲ. ಭಾನುವಾರವಾದ್ದರಿಂದ ಜನ ಐಸ್‌ಕ್ರೀಮ್ ತಿನ್ನುತ್ತ ನಮ್ಮನ್ನು ದಾಟಿ ಹೋಗುತ್ತಿದ್ದರು.

ಜೂಲಿ ಹೇಳಿದಳು. ಇಂಗ್ಲಿಷಿನಲ್ಲಿ, ಒಂದನ್ನೂ ಬಿಡದೆ, ನಡುವೆ ಉಸಿರು ಸಾಲದೆ ನಿಂತು. ಗ್ರಾನ್ಯಾ ಅಲುಗಾಡದೆ ಕೇಳಿದಳು. ಮುಖದಲ್ಲಿ ಮೊದಲಿದ್ದ ನಗು ಎಲ್ಲಿ ಹೋಯಿತೆಂದು ಗೊತ್ತಾಗದ ಹಾಗೆ ಹೋಯಿತು.

"ಹಾಡು?" ಎಂದು ಕೇಳಿದಳು.

"ಇಲ್ಲ" ಅಂದಳು ಜೂಲಿ.

ಗ್ರಾನ್ಯಾ ನೀರಿನ ಕಡೆ ತಿರುಗಿದಳು. ಒಂದು ದೋಣಿ ಒಳಗೆ ಬಂದು ಹಗ್ಗ ಕಟ್ಟುವವರೆಗೂ ಹಾಗೇ ನಿಂತಿದ್ದಳು. "ನನಗೆ ಇದನ್ನು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು" ಅಂದಳು ಕೊನೆಗೆ. ಕೋಪವಿರಲಿಲ್ಲ. ಅದಕ್ಕೇ ಕೇಳಲು ಕಷ್ಟವಾಯಿತು. ಆಮೇಲೆ, "ಆ ಇನ್ನೊಬ್ಬರು. ಅವರಿಗೆ ನೀನಿರುವುದು ಗೊತ್ತಾಗಿತ್ತಾ?"

"ಗೊತ್ತಾಗಿತ್ತು. ಬೆರಳು ಒತ್ತಿದರು."

"ಸರಿ. ಒಬ್ಬರಿಗಾದರೂ ಯಾರೋ ಇದ್ದರಲ್ಲ" ಅಂದು ಬೈ ಹೇಳದೆ ಊರಿನ ಕಡೆ ನಡೆದುಹೋದಳು. ತಿರುಗಿ ನೋಡಲಿಲ್ಲ. ಹೂವನ್ನು ಅಲ್ಲೇ ಬಿಟ್ಟು ಹೋದಳು. ತೆಗೆದುಕೊಳ್ಳಬೇಕೋ ಬಿಡಬೇಕೋ ನಮಗೂ ತಿಳಿಯಲಿಲ್ಲ. ಬಿಟ್ಟು ಬಂದೆವು.

ಕಾರಿನಲ್ಲಿ ಕೂತಮೇಲೆ ಜೂಲಿ ಕೇಳಿದಳು, "ಹೇಳಬಾರದಿತ್ತಾ?"

"ಗೊತ್ತಿಲ್ಲ ಜೂಲಿ."

"ಅವಳಿಗೆ ಇದ್ದದ್ದು ಅದೊಂದೇ. ಅದನ್ನೂ ಕಿತ್ಕೊಂಡೆ."

ಅವಳ ಕೈ ತೆಗೆದುಕೊಂಡು ಉಜ್ಜುತ್ತ ಕೂತೆ. ಗಾಜಿನ ಮೇಲೆ ತುಂತುರು ಬೀಳತೊಡಗಿತು, ಪಿಯರಿನ ಮೇಲಿದ್ದವರೆಲ್ಲ ಓಡಿಬಂದು ತಮ್ಮ ತಮ್ಮ ಕಾರು ಸೇರಿದರು. ನೋಡಿದರೆ ಜೂಲಿ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗಿದ್ದಾಳೆ, ಬಾಯಿ ತುಸು ತೆರೆದು, ಭಾರವಾದ ನಿದ್ದೆ. ಸುಬ್ರಾಯರ ಫೋನ್ ಬಂತು, ಇಷ್ಟು ಹತ್ತಿರ ಬಂದವರು ಊಟಕ್ಕೆ ಬರುತ್ತೀರಿ ತಾನೇ ಎಂದು ಕೇಳಲು ಇರಬೇಕು. ಸದ್ದು ಆರಿಸಿದೆ. ಪಾರ್ಕಿಂಗಿನ ಹೊತ್ತು ಮುಗಿಯುತ್ತ ಬಂದಿತ್ತು. ಮುಗಿದರೆ ಮುಗಿಯಲಿ ಎಂದು, ಅವಳ ಕೈ ಬಿಡದೆ, ಹಾಗೇ ಕೂತೆ.